ಹಕ್ಕಿಯ ಮುಂದೆ ನಿಲ್ಲುವ ನಾಯಿ

(ಉಪನ್ಯಾಸವೊಂದರ ಬರಹ ರೂಪ)



ಬೇಟೆನಾಯಿಯ ಬಗ್ಗೆ ಮಾತನಾಡಲು ನಿಂತಿರುವ ನಾನು ಬೇಟೆಗಾರನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೋವಿಯನ್ನು ಹೆಗಲಿಗೇರಿಸಿದವನಲ್ಲ, ಹಾರುವ ಹಕ್ಕಿಗೆ ಕಲ್ಲು ಬೀರಿದವನೂ ಅಲ್ಲ. ನಮ್ಮ ಅಜ್ಜನ ಊರು ತೀರ್ಥಹಳ್ಳಿಯ ಕಡೆ. ಅಲ್ಲಿ ನಾನು ಚಿಕ್ಕಂದಿನಲ್ಲಿ ಕೇಳಿದ ಷಿಕಾರಿಯ ಕಥೆಗಳಲ್ಲಿ ನಾಯಿಯ ಕೆಲಸವೆಂದರೆ ಹಳು ಸೋವುವುದು. ಬೊಗಳುತ್ತ ಮಟ್ಟಿಗೆ ನುಗ್ಗಬೇಕು, ಒಳಗಿದ್ದ ಪ್ರಾಣಿಯನ್ನು ಎಬ್ಬಿಸಬೇಕು, ಬಿಲ್ಲಿಗೆ ಕೂತವರ ಕಡೆಗೆ ಅಟ್ಟಬೇಕು. ಎಷ್ಟು ಗದ್ದಲ ಎಬ್ಬಿಸಿದರೆ ಅಷ್ಟು ಒಳ್ಳೆಯ ನಾಯಿ. ಈ ತಿಳಿವಳಿಕೆಯನ್ನು ಹೊತ್ತುಕೊಂಡೇ ನಾನು ಕೆಲವು ವರ್ಷಗಳ ಹಿಂದೆ ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಮಗಳ ಮನೆಗೆ ಹೋದೆ. ಥಾಮಸ್‌ವಿಲ್ ಎಂಬ ಊರಿನ ಹೊರಗೆ, ಚಳಿಗಾಲದ ಒಂದು ಬೆಳಗ್ಗೆ, ಎತ್ತರದ ಪೈನ್ ಮರಗಳ ನಡುವೆ ಬಿಳಿ ಮೈಯ ಒಂದು ಬೇಟೆನಾಯಿ ಓಡುವುದನ್ನು ನೋಡುತ್ತ ನಿಂತಿದ್ದೆ. ಓಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಒಂದು ಮುಂಗಾಲು ನೆಲ ಬಿಟ್ಟು ಮೇಲೆ, ಬಾಲ ನೆಟ್ಟಗೆ, ಮೂಗು ಗಾಳಿಗೆ. ಮುಂದೆ ಮೊಣಕಾಲೆತ್ತರದ ಹುಲ್ಲಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಪಾಪ, ಮುಳ್ಳು ತುಳಿಯಿತೇನೋ ಎಂದುಕೊಂಡೆ.

ನಾಯಿಯ ಯಜಮಾನರು ನನ್ನ ಮಗಳ ನೆರೆಯವರು, ಎಪ್ಪತ್ತು ದಾಟಿದ ಕಪ್ಪು ಜನಾಂಗದ ವೃದ್ಧರು. ಅವರು ಅವಸರವಿಲ್ಲದೆ ನಡೆದು ಬಂದರು. ನಾಯಿಯನ್ನು ದಾಟಿ ಮುಂದೆ ಹೋಗಿ ಹುಲ್ಲನ್ನು ಕಾಲಿನಿಂದ ಕೆದಕಿದರು. ನೆಲವೇ ಸಿಡಿದಂತೆ ಹತ್ತು ಹನ್ನೆರಡು ಹಕ್ಕಿಗಳು ಒಟ್ಟಿಗೇ ಭರ್ರೆಂದು ಎದ್ದು ದಿಕ್ಕಿಗೊಂದರಂತೆ ಚದುರಿದವು. ನಾಯಿ ಮಾತ್ರ ಅಲುಗಲಿಲ್ಲ. ಅಷ್ಟು ಹೊತ್ತೂ ಆ ಹಕ್ಕಿಗಳು ಅದರ ಮೂಗಿನಿಂದ ಕೆಲವೇ ಮಾರು ದೂರದಲ್ಲಿದ್ದವು. ಅದು ಒಂದನ್ನೂ ಕಣ್ಣಿನಿಂದ ಕಂಡಿರಲಿಲ್ಲ.

ಆ ಹಕ್ಕಿಯ ಹೆಸರು ಬಾಬ್‌ವೈಟ್. ಕೂಗುವುದೂ ಹಾಗೆಯೇ, ತನ್ನ ಹೆಸರನ್ನು ತಾನೇ ಹೇಳಿಕೊಂಡಂತೆ. ನಾವು ಲಾವುಗೆ, ಲಾವಕ್ಕಿ, ಬುರ್ಲಿ ಎಂದೆಲ್ಲ ಕರೆಯುವ ಹಕ್ಕಿಗಳಿಗೆ ದೂರದ ನೆಂಟ ಎನ್ನಬಹುದು. ಆದರೆ ಪಕ್ಷಿಶಾಸ್ತ್ರಜ್ಞರು ಅದನ್ನು ಬೇರೆಯೇ ಕುಟುಂಬಕ್ಕೆ ಸೇರಿಸುತ್ತಾರೆ. ಇನ್ನೂರು ಗ್ರಾಂ ಕೂಡ ತೂಗದ ಜೀವ. ಚಳಿಗಾಲದಲ್ಲಿ ಹತ್ತು ಹದಿನೈದರ ಗುಂಪಾಗಿ ಬಾಳುತ್ತದೆ. ರಾತ್ರಿ ನೆಲದ ಮೇಲೆ ಬಾಲಗಳನ್ನು ಒಳಕ್ಕೂ ತಲೆಗಳನ್ನು ಹೊರಕ್ಕೂ ಮಾಡಿಕೊಂಡು ಚಕ್ರದಂತೆ ಕೂತು ಮಲಗುತ್ತದೆ. ಯಾವ ಕಡೆಯಿಂದ ಶತ್ರು ಬಂದರೂ ಒಂದಲ್ಲ ಒಂದು ಕಣ್ಣು ಆ ಕಡೆಗಿರುತ್ತದೆ. ಅಪಾಯ ಕಂಡಾಗ ಅದು ಮೊದಲು ಹಾರುವುದಿಲ್ಲ. ಹುಲ್ಲಿಗೆ ಮೈಯೊತ್ತಿ ಕೂರುತ್ತದೆ, ಇನ್ನು ಆಗುವುದಿಲ್ಲ ಎನ್ನುವಾಗ ಹಾರುತ್ತದೆ. ಹಕ್ಕಿಗೆ ಈ ಸ್ವಭಾವ ಇಲ್ಲದಿದ್ದರೆ ನಾಯಿಯ ಆ ವಿದ್ಯೆಗೆ ಕೆಲಸವೇ ಇರುತ್ತಿರಲಿಲ್ಲ.

ಹಾಗಾದರೆ ನಾಯಿ ನಿಲ್ಲುವುದೇಕೆ? ನರಿಯನ್ನೋ ಬೆಕ್ಕನ್ನೋ ಗಮನಿಸಿದವರಿಗೆ ಉತ್ತರದ ಅರ್ಧ ಗೊತ್ತಿರುತ್ತದೆ. ಬೇಟೆಯ ಪ್ರಾಣಿ ಎರಗುವ ಮುನ್ನ ಒಂದು ಕ್ಷಣ ತಡೆಯುತ್ತದೆ. ಎಲ್ಲಿ, ಎಷ್ಟು ದೂರ ಎಂದು ಅಳೆಯುತ್ತದೆ, ಮೈಯನ್ನು ಬಿಗಿ ಹಿಡಿಯುತ್ತದೆ, ಆಮೇಲೆ ನೆಗೆಯುತ್ತದೆ. ಆ ಒಂದು ಕ್ಷಣ ಹೆಚ್ಚು ಹೊತ್ತು ನಿಲ್ಲುವ ನಾಯಿಗಳನ್ನೇ ಆರಿಸಿ ಆರಿಸಿ, ತಲೆಮಾರುಗಳ ಕಾಲ ಮರಿ ಮಾಡಿಸಿ, ಮನುಷ್ಯ ಅದನ್ನು ನಿಮಿಷಗಳಿಗೆ ಬೆಳೆಸಿದ. ಇದು ಬಲ್ಲವರ ವಿವರಣೆ. ನಿಲ್ಲುವ ಗುಣ ಮರಿಗೆ ಹುಟ್ಟಿನಿಂದ ಬರುತ್ತದೆ, ಅದನ್ನು ಯಾರೂ ಕಲಿಸಲಾರರು. ತರಬೇತಿಯೆಲ್ಲ ನಡೆಯುವುದು ನಿಲ್ಲುವುದಕ್ಕೂ ನೆಗೆಯುವುದಕ್ಕೂ ನಡುವಿನ ಸ್ವಲ್ಪ ಹೊತ್ತಿನಲ್ಲಿ.

ನಮ್ಮ ಮುಧೋಳದ ನಾಯಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಆ ನಮ್ಮೂರ ನಾಯಿ ಕಣ್ಣಿನ ನಾಯಿ. ಬಯಲಿನಲ್ಲಿ ಮೊಲ ಕಂಡಿತೋ, ಬಾಣದಂತೆ ಹೊರಟಿತು. ಅಲ್ಲಿ ಮನುಷ್ಯನ ಪಾತ್ರ ಕೊರಳ ಹಗ್ಗ ಬಿಚ್ಚಿದಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಪಾಯಿಂಟರ್, ಸೆಟ್ಟರ್ ಎಂಬ ಈ ನಾಯಿಗಳು ಮೂಗಿನ ನಾಯಿಗಳು. ಇವು ಹುಡುಕುತ್ತವೆ, ಹಿಡಿಯುವುದಿಲ್ಲ. ಬೇಟೆಯ ಕೊನೆಯ ಹೆಜ್ಜೆಯನ್ನು ಮನುಷ್ಯನಿಗಾಗಿ ಬಿಟ್ಟುಕೊಡುತ್ತವೆ.

ಕೋವಿ ಬರುವುದಕ್ಕೆ ಮುಂಚೆಯೂ ಇಂಥ ನಾಯಿಗಳಿದ್ದವು ಎಂಬುದು ಹಲವರಿಗೆ ಆಶ್ಚರ್ಯವಾಗಬಹುದು. ಕೇಂಬ್ರಿಜ್‌ನ ವೈದ್ಯ ಜಾನ್ ಕೀಸ್ 1570ರಲ್ಲಿ ಬ್ರಿಟನ್ನಿನ ನಾಯಿಗಳನ್ನು ಕುರಿತು ಲ್ಯಾಟಿನ್‌ನಲ್ಲಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. 1576ರಲ್ಲಿ ಅದು ಇಂಗ್ಲಿಷಿಗೆ ಬಂತು. ಹಕ್ಕಿಯ ವಾಸನೆ ಹಿಡಿದು, ಸದ್ದಿಲ್ಲದೆ ನೆಲಕ್ಕೆ ಹೊಟ್ಟೆಯೂರಿ ಮಲಗುವ ನಾಯಿಯ ವರ್ಣನೆ ಅದರಲ್ಲಿದೆ. ಬೇಟೆಗಾರ ಹಿಂದಿನಿಂದ ಬಂದು ಹಕ್ಕಿಗಳ ಮೇಲೆ ಬಲೆ ಹಾಸುತ್ತಿದ್ದ. ನಾಯಿ ಎದ್ದು ನಿಂತಿದ್ದರೆ ಬಲೆಗೆ ಅಡ್ಡಿ, ಅದಕ್ಕೇ ಮಲಗಬೇಕಿತ್ತು. ಸೆಟ್ಟರ್ ಎಂಬ ಹೆಸರು ಬಂದದ್ದು ಆ ಕೂರುವಿಕೆಯಿಂದ. ಮುಂದೆ ಹಗುರವಾದ ಕೋವಿಗಳು ಬಂದು, ಹಾರುವ ಹಕ್ಕಿಗೆ ಈಡು ಹೊಡೆಯುವುದು ಸಾಧ್ಯವಾದ ಮೇಲೆ ನಾಯಿ ಎದ್ದು ನಿಂತಿತು. ಇಂಗ್ಲೆಂಡಿನ ಸೌತ್‌ಹಿಲ್‌ನಲ್ಲಿ 1865ರಲ್ಲಿ ಇಂಥ ನಾಯಿಗಳ ಮೊದಲ ಬಯಲು ಸ್ಪರ್ಧೆ ನಡೆಯಿತು. ಅಮೆರಿಕದ ಮೆಂಫಿಸ್‌ನಲ್ಲಿ 1874ರಲ್ಲಿ. ಟೆನೆಸಿ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ಎಂಬ ಸಣ್ಣ ಊರಿನ ಬಳಿ ನಡೆಯುವ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಾಯಿ ಮೂರು ಗಂಟೆ ಕಾಲ ಎಡೆಬಿಡದೆ ಹುಡುಕಬೇಕು.

ಲಾವಕ್ಕಿಯ ಗೀಳು ನಮಗೂ ಹೊಸದಲ್ಲವೆನ್ನಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಲಾವಕ್ಕಿಗಳ ಕಾಳಗಕ್ಕೂ ನಾಯಿಗಳ ವಿನೋದಕ್ಕೂ ಪ್ರತ್ಯೇಕ ಸ್ಥಾನವಿದೆ. ಇಂದು ಕಾಡಿನ ಲಾವಕ್ಕಿಗೆ ಕೈಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೋಟೆಲಿನ ತಟ್ಟೆಗೆ ಬರುವುದು ಫಾರಂನಲ್ಲಿ ಸಾಕಿದ ಜಪಾನಿ ಜಾತಿ.

ಈಗ ಮರಿಯ ವಿಷಯಕ್ಕೆ ಬರೋಣ. ಆ ವೃದ್ಧರ ಬಳಿ ಆಗ ಎಂಟು ತಿಂಗಳ ಒಂದು ಹೆಣ್ಣು ಪಾಯಿಂಟರ್ ಮರಿಯಿತ್ತು. ಅದನ್ನು ಪಳಗಿಸುವುದನ್ನು ಎರಡು ಚಳಿಗಾಲ ನೋಡುವ ಅವಕಾಶ ನನಗೆ ಸಿಕ್ಕಿತು. ನೋಡಿದ್ದನ್ನೂ ಕೇಳಿದ್ದನ್ನೂ ಸೇರಿಸಿ ಹೇಳುತ್ತೇನೆ.

ಎರಡು ಮೂರು ತಿಂಗಳ ಮರಿಗೆ ಮೀನಿನ ಗಾಳದ ಕೋಲಿಗೆ ಹಕ್ಕಿಯ ರೆಕ್ಕೆ ಕಟ್ಟಿ ಆಡಿಸುವುದುಂಟು. ಮರಿ ಅಟ್ಟಿಸಿಕೊಂಡು ಹೋಗುತ್ತದೆ, ಸಿಗುವುದಿಲ್ಲ, ಕೊನೆಗೆ ನಿಂತು ದಿಟ್ಟಿಸುತ್ತದೆ. ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಫೋಟೊ ತೆಗೆಯುತ್ತಾರೆ. ಯಜಮಾನರು ಅದಕ್ಕೆ ಬೆಲೆ ಕೊಡುತ್ತಿರಲಿಲ್ಲ. ಅದು ಕಣ್ಣಿನ ಆಟ, ಹೆಚ್ಚು ಆಡಿಸಿದರೆ ಮರಿ ಮೂಗನ್ನು ಮರೆಯುತ್ತದೆ ಎನ್ನುತ್ತಿದ್ದರು. ಮೊದಲ ಆರೇಳು ತಿಂಗಳು ಮರಿಗೆ ಅವರು ಕಲಿಸುತ್ತಿದ್ದದ್ದು ತೀರ ಕಡಿಮೆ. ಹೆಸರು, ಕರೆದಾಗ ಬರುವುದು, ಅಷ್ಟೇ. ಉಳಿದಂತೆ ಹುಲ್ಲಿನಲ್ಲಿ, ಹಳ್ಳದಲ್ಲಿ, ಮುಳ್ಳುಮಟ್ಟಿಯಲ್ಲಿ ಬಿಟ್ಟು ಓಡಿಸುವುದು. ಗುಬ್ಬಿ ಎದ್ದರೆ ಗುಬ್ಬಿಯನ್ನೇ ಅಟ್ಟಲಿ. ಮೊದಲು ಧೈರ್ಯ ಬರಬೇಕು, ಆಮೇಲೆ ವಿಧೇಯತೆ. ಕ್ರಮ ತಲೆಕೆಳಗಾದರೆ ಯಜಮಾನನ ಕಾಲ ಬುಡ ಬಿಟ್ಟು ಹೋಗದ ನಾಯಿ ಸಿಗುತ್ತದೆ. ಅಂಥದ್ದನ್ನು ಕಟ್ಟಿಕೊಂಡು ಹಕ್ಕಿ ಹುಡುಕಲಾಗುವುದಿಲ್ಲ.

ಆಮೇಲೆ ಬರುವುದು ‘ನಿಲ್ಲು’ ಎಂಬ ಒಂದು ಮಾತು. ಅವರು ಕುದುರೆಗೆ ಹೇಳುವಂತೆ ‘ವೋ’ ಎನ್ನುತ್ತಾರೆ. ಊಟದ ತಟ್ಟೆಯ ಮುಂದೆ ಅದರ ಮೊದಲ ಪಾಠ. ತಟ್ಟೆ ಇಟ್ಟು ‘ವೋ’ ಎಂದು ಎದೆಗೆ ಕೈಯಡ್ಡ ಹಿಡಿಯುವುದು. ಮೊದಲ ದಿನ ಎರಡೇ ಸೆಕೆಂಡು. ವಾರ ಕಳೆದ ಮೇಲೆ ಹತ್ತು. ಆಮೇಲೆ ಬಯಲಿನಲ್ಲಿ, ಕೊರಳಪಟ್ಟಿಗೆ ಎಂಟು ಹತ್ತು ಮೀಟರಿನ ಹಗ್ಗ ಕಟ್ಟಿ. ಹಗ್ಗ ಎಳೆದು ಬೀಳಿಸುವುದಕ್ಕಲ್ಲ, ನಿಂತಾಗ ನಿಂತಲ್ಲೇ ಉಳಿಸುವುದಕ್ಕೆ. ಈ ಪಾಠವೆಲ್ಲ ಹಕ್ಕಿಯಿಲ್ಲದ ಕಡೆ ನಡೆಯಬೇಕು. ಯಾಕೆಂದು ಕೇಳಿದೆ. ‘ಹಕ್ಕಿಯ ಹತ್ತಿರ ಪೆಟ್ಟು ತಿಂದ ನಾಯಿ, ಪೆಟ್ಟು ಕೊಟ್ಟದ್ದು ಹಕ್ಕಿಯೇ ಎಂದುಕೊಳ್ಳುತ್ತದೆ’ ಎಂದರು. ಅಂಥ ನಾಯಿ ಹಕ್ಕಿಯ ವಾಸನೆ ಬಂದೊಡನೆ ಏನೂ ತಿಳಿಯದಂತೆ ಮುಖ ತಿರುಗಿಸಿ ಬೇರೆ ದಾರಿ ಹಿಡಿಯುತ್ತದೆ. ಮೂಗು ಚೆನ್ನಾಗಿದೆ, ಕಾಲು ಚೆನ್ನಾಗಿದೆ, ಆದರೆ ಕಂಡದ್ದನ್ನು ಮುಚ್ಚಿಡುವುದನ್ನು ಕಲಿತುಬಿಟ್ಟಿದೆ. ಇಷ್ಟು ಹಾಳಾದ ನಾಯಿಯನ್ನು ಮತ್ತೆ ಸರಿದಾರಿಗೆ ತರುವುದು ಬಹಳ ಕಷ್ಟವಂತೆ. ನಾನು ನಲವತ್ತು ವರ್ಷ ಮೇಷ್ಟರಾಗಿದ್ದವನು. ಈ ಮಾತು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ.

ಕೋವಿಯ ಸದ್ದಿನ ವಿಷಯವೂ ಹೀಗೆಯೇ. ದೀಪಾವಳಿಯ ರಾತ್ರಿ ಮಂಚದಡಿ ಸೇರುವ ನಾಯಿಗಳನ್ನು ನಾವೆಲ್ಲ ಕಂಡಿದ್ದೇವೆ. ಬೇಟೆನಾಯಿಗೆ ಆ ಹೆದರಿಕೆ ಹತ್ತಿತೆಂದರೆ ಅದರ ಬಾಳು ಮುಗಿದಂತೆಯೇ. ಇದು ಹುಟ್ಟಿನಿಂದ ಬರುವುದಕ್ಕಿಂತ ಹೆಚ್ಚಾಗಿ ಮನುಷ್ಯ ಅವಸರದಿಂದ ಅಂಟಿಸುವ ರೋಗ. ಸದ್ದು ಅಭ್ಯಾಸವಾಗಲಿ ಎಂದು ಮರಿಯ ಪಕ್ಕ ನಿಂತು ಈಡು ಹೊಡೆಯುವವರಿದ್ದಾರೆ. ಯಜಮಾನರು ಮಾಡಿದ್ದು ಬೇರೆ. ಹಕ್ಕಿಯೊಂದು ಎದ್ದು, ಮರಿ ಲೋಕ ಮರೆತು ಅದನ್ನು ಅಟ್ಟಿಕೊಂಡು ಹೋಗಿ, ನೂರು ಗಜ ದೂರವಾದ ಮೇಲೆ ಮಕ್ಕಳ ಆಟಿಕೆಯಂಥ ಪಿಸ್ತೂಲಿನಿಂದ ಒಮ್ಮೆ ಟಪ್ ಎನ್ನಿಸಿದರು. ಮರಿ ತಿರುಗಿಯೂ ನೋಡಲಿಲ್ಲ. ವಾರ ವಾರಕ್ಕೆ ದೂರ ಸ್ವಲ್ಪ ಕಡಿಮೆ, ಸದ್ದು ಸ್ವಲ್ಪ ಹೆಚ್ಚು. ಕೊನೆಗೆ ಕೋವಿಯ ಸದ್ದೆಂದರೆ ಹಕ್ಕಿ ಎಂಬ ಸಂತೋಷವೇ ಅದರ ತಲೆಯಲ್ಲಿ ಕೂತಿತು.

ಇಂಗ್ಲಿಷಿನಲ್ಲಿ ಈ ಕಸುಬಿಗೆ ಹಿಂದೆ ಇದ್ದ ಹೆಸರು ‘ಡಾಗ್ ಬ್ರೇಕಿಂಗ್’, ಅಂದರೆ ನಾಯಿಯನ್ನು ಮುರಿಯುವುದು. ಸೇನಾಧಿಕಾರಿ ಡಬ್ಲ್ಯು. ಎನ್. ಹಚಿನ್‌ಸನ್ 1848ರಲ್ಲಿ ಬರೆದ ಪುಸ್ತಕದ ಹೆಸರೂ ಅದೇ. ಪುಸ್ತಕದೊಳಗೆ ಅವನು ಹೇಳಿದ್ದು ಮಾತ್ರ ಚಾವಟಿಗಿಂತ ತಾಳ್ಮೆ ಮೇಲು ಎಂದೇ. ಹೆಸರು ಹಳೆಯದು, ವಿಚಾರ ಹೊಸದು. ನಮ್ಮ ಭಾಷೆಯಲ್ಲಿ ‘ಪಳಗಿಸುವುದು’ ಎನ್ನುತ್ತೇವೆ. ಕೈ ಪಳಗಿತು, ಎತ್ತು ಪಳಗಿತು ಎನ್ನುವಾಗ ಯಾವುದೂ ಮುರಿದಿರುವುದಿಲ್ಲ. ಇಂದು ಗುಂಡಿ ಒತ್ತಿದರೆ ಚುರುಕು ಮುಟ್ಟಿಸುವ ವಿದ್ಯುತ್ ಕೊರಳಪಟ್ಟಿ ಅಲ್ಲಿ ಸಾಮಾನ್ಯ. ಯಜಮಾನರ ಬಳಿಯೂ ಒಂದಿತ್ತು. ರಸ್ತೆಯ ಕಡೆಗೆ ಓಡುವ ನಾಯಿಯ ಪ್ರಾಣ ಉಳಿಸಲು ಒಳ್ಳೆಯದು, ಹಕ್ಕಿಯ ಪಾಠಕ್ಕೆ ಬೇಡ ಎಂದು ಅದನ್ನು ಜೀಪಿನಲ್ಲೇ ಇಟ್ಟಿದ್ದರು.

ಇಷ್ಟಾದರೂ ಮನುಷ್ಯ ಕಲಿಸುವುದು ಅರ್ಧ. ಉಳಿದರ್ಧವನ್ನು ಕಲಿಸುವುದು ಹಕ್ಕಿ. ಕಾಡಿನಲ್ಲಿ ಬೆಳೆದ ಲಾವಕ್ಕಿಯ ಗುಂಪು ನಾಯಿಯನ್ನು ಒಂದು ದೂರದವರೆಗೆ ಸಹಿಸುತ್ತದೆ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿಟ್ಟರೆ ಎದ್ದುಹೋಗುತ್ತದೆ. ಆ ದೂರ ಗಾಳಿಯ ಮೇಲೆ, ಹುಲ್ಲಿನ ದಟ್ಟಣೆಯ ಮೇಲೆ, ಇಬ್ಬನಿಯ ಮೇಲೆ ಬೇರೆ ಬೇರೆ. ಅದನ್ನು ಯಾವ ಯಜಮಾನನೂ ಹೇಳಿಕೊಡಲಾರ. ಇಪ್ಪತ್ತು ಮೂವತ್ತು ಸಲ ಹಕ್ಕಿ ಕೈತಪ್ಪಿದ ಮೇಲೆ ಮರಿಗೇ ಅರಿವಾಗುತ್ತದೆ: ನುಗ್ಗಿದರೆ ಸಿಗುವುದಿಲ್ಲ, ನಿಂತರೆ ಉಳಿಯುತ್ತದೆ.

ತೊಡಕು ಇರುವುದು ಇಲ್ಲಿ. ಆ ಪಾಠ ಹೇಳುವ ಹಕ್ಕಿ ಈಗ ಬಹಳ ಕಡೆ ಇಲ್ಲ. ಅಮೆರಿಕದಲ್ಲಿ 1966ರಿಂದ ವರ್ಷವರ್ಷವೂ ನಡೆಯುತ್ತಿರುವ ಹಕ್ಕಿಗಳ ಗಣತಿಯ ಪ್ರಕಾರ ಬಾಬ್‌ವೈಟ್‌ನ ಸಂಖ್ಯೆ ಅಂದಿನಿಂದ ನೂರಕ್ಕೆ ಎಂಬತ್ತರಷ್ಟು ಕುಸಿದಿದೆ. ಆದ್ದರಿಂದ ಹೆಚ್ಚಿನವರು ಪಂಜರದಲ್ಲಿ ಸಾಕಿದ ಹಕ್ಕಿಗಳನ್ನು ತಂದು ಹುಲ್ಲಿನಲ್ಲಿಟ್ಟು ಮರಿಗೆ ಅಭ್ಯಾಸ ಮಾಡಿಸುತ್ತಾರೆ. ಸಾಕಿದ ಹಕ್ಕಿಗೆ ಹಾರುವ ಕಸುವು ಕಡಿಮೆ. ಕೆಲವು ಎದ್ದು ನಾಲ್ಕು ಮಾರು ಹೋಗಿ ಕೂತುಬಿಡುತ್ತವೆ. ಮರಿ ನುಗ್ಗುತ್ತದೆ, ಬಾಯಿಗೆ ಸಿಗುತ್ತದೆ. ನುಗ್ಗಿದರೆ ಸಿಗುತ್ತದೆ ಎಂದು ಒಮ್ಮೆ ಕಲಿತ ಮರಿಗೆ ನಿಲ್ಲಲು ಕಾರಣವೇನು? ಇದನ್ನು ತಪ್ಪಿಸಲು ಪಾರಿವಾಳವನ್ನು ಸ್ಪ್ರಿಂಗ್ ಪೆಟ್ಟಿಗೆಯಲ್ಲಿಟ್ಟು, ಮರಿ ಮುಂದಡಿಯಿಟ್ಟ ತಕ್ಷಣ ಆಕಾಶಕ್ಕೆ ಚಿಮ್ಮಿಸುವ ಉಪಾಯವಿದೆ. ಕಾಡುಹಕ್ಕಿಯ ಸ್ಥಾನದಲ್ಲಿ ಒಂದು ಯಂತ್ರ.

ಹಕ್ಕಿ ಎಲ್ಲಿ ಹೋಯಿತು? ಕೋವಿಗೆ ಬಲಿಯಾಯಿತು ಎಂದು ನಾನು ಊಹಿಸಿದ್ದೆ. ಕಥೆ ಅಷ್ಟು ಸರಳವಲ್ಲ. ಬಾಬ್‌ವೈಟ್ ಹೇಗೂ ಅಲ್ಪಾಯುಷಿ, ಬೇಟೆಯಿಲ್ಲದ ಕಡೆಯೂ ಹತ್ತರಲ್ಲಿ ಏಳೆಂಟು ವರ್ಷ ತುಂಬುವುದರೊಳಗೆ ಸಾಯುತ್ತವೆ. ಮುಂದಿನ ಬೇಸಗೆಯಲ್ಲಿ ಹನ್ನೆರಡು ಹದಿನಾಲ್ಕು ಮೊಟ್ಟೆಗಳ ಗೂಡುಗಳಿಂದ ಆ ನಷ್ಟ ತುಂಬಬೇಕು. ಅದಕ್ಕೆ ಗೂಡು ಕಟ್ಟಲು ಒತ್ತಾದ ಹುಲ್ಲು, ಮರಿಗಳು ಹುಳ ಹೆಕ್ಕುತ್ತ ಓಡಾಡಲು ಹುಲ್ಲಿನ ನಡುವೆ ಬರಿಯ ನೆಲ, ತಿನ್ನಲು ಕಾಡು ಅವರೆಯ ಜಾತಿಯ ಗಿಡಗಳ ಬೀಜ ಬೇಕು. ಇದನ್ನೆಲ್ಲ ಒಟ್ಟಿಗೆ ಕೊಡುತ್ತಿದ್ದದ್ದು ಬೆಂಕಿ. ಅಮೆರಿಕದ ದಕ್ಷಿಣದಲ್ಲಿ ಒಮ್ಮೆ ಸುಮಾರು 9 ಕೋಟಿ ಎಕರೆ ಹರಡಿದ್ದ ಉದ್ದೆಲೆಯ ಪೈನ್ ಕಾಡು ಎರಡು ಮೂರು ವರ್ಷಕ್ಕೊಮ್ಮೆ ನೆಲಮಟ್ಟದಲ್ಲಿ ಉರಿದು ಮತ್ತೆ ಚಿಗುರುವ ಕಾಡು. ಸಿಡಿಲು ಹಚ್ಚುತ್ತಿತ್ತು, ಅಲ್ಲಿನ ಮೂಲನಿವಾಸಿಗಳು ಹಚ್ಚುತ್ತಿದ್ದರು. ಆಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾಗಿ ಗೇಣಿಗೆ ಉಳುತ್ತಿದ್ದ ಕಪ್ಪು ರೈತರು ತಮ್ಮ ತುಂಡುಹೊಲಗಳ ಅಂಚಿಗೆ ಹಚ್ಚುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರದ ಶ್ರೀಮಂತ ಕೈಗಾರಿಕೋದ್ಯಮಿಗಳು ಥಾಮಸ್‌ವಿಲ್ ಸುತ್ತಲಿನ ಹತ್ತಿಯ ಎಸ್ಟೇಟುಗಳನ್ನು ಬೇಟೆಗಾಗಿ ಕೊಂಡಾಗ ಅಲ್ಲಿ ಕಂಡ ಲಾವಕ್ಕಿಗಳ ಸಮೃದ್ಧಿ ಈ ರೈತರ ಕೈಕೆಲಸ. ಹೇಸರಗತ್ತೆಯ ಬಂಡಿ ಹೊಡೆದವರು, ನಾಯಿ ಪಳಗಿಸಿದವರು ಅನೇಕರು ಅವರೇ. ಬೇಟೆಯ ಪುಸ್ತಕಗಳಲ್ಲಿ ನಾಯಿಯ ಹೆಸರಿರುತ್ತದೆ, ಒಡೆಯನ ಹೆಸರಿರುತ್ತದೆ, ಇವರ ಹೆಸರು ಅಪರೂಪ. ನಮ್ಮ ಯಜಮಾನರ ತಂದೆ ಅಂಥವರಲ್ಲಿ ಒಬ್ಬರು.

1920ರ ದಶಕದ ಹೊತ್ತಿಗೆ ಅರಣ್ಯ ಇಲಾಖೆಗಳು ಬೆಂಕಿಯನ್ನು ಪರಮ ಶತ್ರುವೆಂದು ಸಾರಿದ್ದವು. ಹಕ್ಕಿ ಕಡಿಮೆಯಾಗತೊಡಗಿತ್ತು. ಎಸ್ಟೇಟಿನ ಒಡೆಯರು ಹಣ ಕೊಟ್ಟು, ಸರ್ಕಾರದ ಜೀವಿ ಸಮೀಕ್ಷಾ ಇಲಾಖೆಯ ಮೂಲಕ 1924ರಲ್ಲಿ ಹರ್ಬರ್ಟ್ ಸ್ಟಾಡರ್ಡ್ ಎಂಬಾತನನ್ನು ಕರೆಸಿದರು. ವಸ್ತುಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳಿಗೆ ಹೊಟ್ಟು ತುಂಬಿ ನಿಲ್ಲಿಸುವ ಕೆಲಸ ಮಾಡಿದ್ದವನು. ಬಾಲ್ಯದಲ್ಲಿ ಫ್ಲಾರಿಡಾದ ದನಗಾಹಿಗಳು ಕಾಡಿಗೆ ಬೆಂಕಿಯಿಡುವುದನ್ನು ಕಂಡಿದ್ದ. ವರ್ಷಗಟ್ಟಲೆ ಗೂಡುಗಳನ್ನೆಣಿಸಿ, 1931ರಲ್ಲಿ ಬಾಬ್‌ವೈಟ್ ಕುರಿತ ದೊಡ್ಡ ಗ್ರಂಥವನ್ನು ಹೊರತಂದ. ಹದವರಿತು ಬೆಂಕಿಯಿಡದಿದ್ದರೆ ಈ ಹಕ್ಕಿ ಉಳಿಯದು ಎಂಬುದು ಅವನ ಮಾತು. ಸರ್ಕಾರದೊಳಗಿನ ವಿರೋಧದಿಂದಾಗಿ ಬೆಂಕಿಯ ಅಧ್ಯಾಯವನ್ನು ಮತ್ತೆ ಮತ್ತೆ ತಿದ್ದಿ ಮೆದುಗೊಳಿಸಬೇಕಾಯಿತು. 1958ರಲ್ಲಿ ಅಲ್ಲೇ ಸಮೀಪದಲ್ಲಿ ಟಾಲ್ ಟಿಂಬರ್ಸ್ ಎಂಬ ಸಂಶೋಧನಾ ಕೇಂದ್ರ ಹುಟ್ಟಿತು. ಇಂದೂ ಅದು ಲಾವಕ್ಕಿ ಮತ್ತು ಬೆಂಕಿ ಎರಡನ್ನೂ ಅಭ್ಯಸಿಸುತ್ತಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಕಾಡನ್ನು ನುಂಗಿತೆಂದು ಹೇಳುವುದನ್ನು ಕೇಳಿದವರಿಗೆ ಸ್ಟಾಡರ್ಡ್‌ನ ವಾದ ಅಪರಿಚಿತವೆನಿಸದು.

ಥಾಮಸ್‌ವಿಲ್ ಸುತ್ತಮುತ್ತ ಚಳಿಗಾಲದ ಕೊನೆಗೆ ಇಂದಿಗೂ ತುಂಡು ತುಂಡಾಗಿ ನೆಲ ಸುಡುತ್ತಾರೆ, ಒಂದು ತುಂಡು ಈ ವರ್ಷ, ಪಕ್ಕದ್ದು ಮುಂದಿನ ವರ್ಷ. ಅಲ್ಲಿ ಕಾಡು ಲಾವಕ್ಕಿ ಉಳಿದಿದೆ. ಸುಡುವುದು ನಿಂತು, ಹೊಲಗಳು ದೊಡ್ಡವಾಗಿ, ಬೇಲಿಸಾಲು ಅಳಿದು, ಪೈನ್ ಗಿಡಗಳನ್ನು ಒತ್ತೊತ್ತಾಗಿ ನೆಟ್ಟ ಕಡೆ ಅದರ ಕೂಗು ನಿಂತಿದೆ.

ನನ್ನ ಎರಡನೆಯ ಚಳಿಗಾಲದ ಫೆಬ್ರವರಿಯಲ್ಲಿ ಮರಿಗೆ, ಈಗ ಮರಿಯೆನ್ನಲಾಗದು, ಹಗ್ಗ ಬಿಚ್ಚಿದ ದಿನ ಯಜಮಾನರು ನನ್ನನ್ನೂ ಕರೆದುಕೊಂಡು ಹೋದರು. ತೇಜಸ್ವಿಯವರ ‘ಪರಿಸರದ ಕತೆ’ಯ ಕಿವಿ ಎಂಬ ನಾಯಿಯ ಅವಾಂತರಗಳು ನೆನಪಾಗಿ ನಗು ಬರುತ್ತಿತ್ತು, ಆತಂಕವೂ ಇತ್ತು. ನಾಯಿ ಗಾಳಿಗೆದುರಾಗಿ ಅಡ್ಡಡ್ಡ ಓಡುತ್ತ ಹುಲ್ಲನ್ನು ಹುಡುಕಿತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕಪ್ಪಗೆ ಸುಟ್ಟ ತುಂಡಿನ ಅಂಚಿನಲ್ಲಿ, ಓಡುತ್ತಿದ್ದ ಮೈ ಅರ್ಧ ತಿರುಗಿದ ಭಂಗಿಯಲ್ಲೇ ನಿಂತಿತು. ಯಜಮಾನರು ಮಾತಾಡಲಿಲ್ಲ. ‘ವೋ’ ಕೂಡ ಎನ್ನಲಿಲ್ಲ. ಬದಿಯಿಂದ ಸುತ್ತಿ ಬಂದು ಹುಲ್ಲು ಕೆದಕಿದರು. ಹಕ್ಕಿಗಳು ಎದ್ದವು. ಅವರು ಸೊಂಟದ ಪಿಸ್ತೂಲಿನಿಂದ ಖಾಲಿ ಮದ್ದನ್ನು ಆಕಾಶಕ್ಕೆ ಹಾರಿಸಿದರು. ನಾಯಿಯ ಮೈಯೆಲ್ಲ ನಡುಗಿತು. ಮುಂಗಾಲೊಂದು ನೆಲ ಬಿಟ್ಟಿತು, ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ಮತ್ತೆ ಇಳಿಯಿತು. ಹಕ್ಕಿಗಳು ಮರಗಳಾಚೆ ಮರೆಯಾಗುವವರೆಗೂ ನೋಡುತ್ತಲೇ ಇತ್ತು.

ಯಜಮಾನರು ಬಂದು ಅದರ ಪಕ್ಕೆ ಸವರಿದರು. ಕೊರಳಪಟ್ಟಿ ಹಿಡಿದು ಹಕ್ಕಿ ಹೋದ ದಿಕ್ಕಿಗೆ ಬೆನ್ನು ಮಾಡಿ ನಡೆಸಿಕೊಂಡು ಹೊರಟರು. ಬೇಟೆಯ ಕಾಲ ಇನ್ನೂ ಒಂದು ವಾರ ಇತ್ತು. ಕೋವಿ ಯಾಕೆ ತರಲಿಲ್ಲ ಎಂದು ಕೇಳಿದೆ.

‘ಎಣಿಸಿದಿರಾ?’ ಎಂದರು. ನಾನು ಎಣಿಸಿರಲಿಲ್ಲ. ‘ಹನ್ನೊಂದು. ನವೆಂಬರಿನಲ್ಲಿ ಹದಿನಾಲ್ಕಿದ್ದವು. ಇವಳಿಗೆ ಮುಂದಿನ ವರ್ಷವೂ ಪಾಠ ಇದೆಯಲ್ಲ.’